ಬುಂದುಕ್ ಮುನಿಸಿಕೊಂಡ ಹೊತ್ತು

ನದಿಯ ಮೇಲಿನ ಮಂಜು ಆಸ್ಪತ್ರೆಯ ಕಾರಿಡಾರಿನವರೆಗೂ ಬಂದಿದೆ. ಕಿಟಕಿಯ ಗಾಜು ಒಡೆದ ಕಡೆ ಯಾರೋ ರಟ್ಟು ಅಂಟಿಸಿದ್ದಾರೆ. ಅದರ ಸಂದಿಯಿಂದ ನುಸುಳಿ, ಟ್ಯೂಬ್‌ಲೈಟನ್ನು ಒಂದು ಸುತ್ತು ಬಳಸಿ, ಮಕ್ಕಳ ವಾರ್ಡಿನ ಬಾಗಿಲಲ್ಲಿ ಒಳಗೆ ಬರಲೋ ಬೇಡವೋ ಎಂಬಂತೆ ನಿಂತಿದೆ. ಒಳಗೆ ತಾಯಂದಿರು ಮಂಚಗಳ ನಡುವೆ ನೆಲದ ಮೇಲೆ ಕಂಬಳಿ ಹೊದ್ದು ಮಲಗಿದ್ದಾರೆ. ಬೆಳಗಿನ ಬಾಂಗ್ ಮುಗಿದಿದೆ. ರಾತ್ರಿ ಪಾಳಿಯವರು ಇನ್ನೂ ಹೊರಟಿಲ್ಲ, ಹಗಲು ಪಾಳಿಯವರು ಪೂರ್ತಿ ಬಂದಿಲ್ಲ. ಪೂರ್ತಿ ನಿದ್ದೆಯೂ ಅಲ್ಲದ, ಪೂರ್ತಿ ಎಚ್ಚರವೂ ಅಲ್ಲದ ಈ ಹೊತ್ತಿನಲ್ಲಿ ಬಿಳಿ ಟವೆಲಿನಲ್ಲಿ ಸುತ್ತಿದ ಕೂಸೊಂದನ್ನು ಎದೆಗವಚಿಕೊಂಡು ಇನ್ಶಿರಾಹ್ ನಡೆದು ಬರುತ್ತಾರೆ. ಅವರ ರಬ್ಬರ್ ಚಪ್ಪಲಿಗೆ ಸದ್ದೇ ಇಲ್ಲ. ಕನಸಿನಲ್ಲಿ ಬರುವವರು ಹೀಗೇ ಬರುತ್ತಾರೆ.

ನರ್ಸುಗಳ ಮೇಜಿನ ಹತ್ತಿರ ರಬಾಬ್ ರೊಟ್ಟಿಯ ಹೊಟ್ಟೆ ಸೀಳಿ ಫೂಲ್ ಕಾಳು ತುಂಬಿಸಿಕೊಳ್ಳುತ್ತಿದ್ದಾಳೆ. ಈ ವಾರ್ಡಿನ ನರ್ಸುಗಳಲ್ಲೆಲ್ಲ ಚಿಕ್ಕವಳು ಅವಳೇ. ರಾತ್ರಿಯೆಲ್ಲ ನಿಂತು ಕಾಲು ಮರಗಟ್ಟಿದೆ, ಕಣ್ಣು ಅರ್ಧ ಮುಚ್ಚಿದೆ. ಇನ್ಶಿರಾಹ್ ಟವೆಲಿನ ಗಂಟನ್ನು ಮೇಜಿನ ಮೇಲಿಟ್ಟು ಮೆಲ್ಲಗೆ ಹೇಳುತ್ತಾರೆ:

"ರಬಾಬ್, ಬುಂದುಕ್ ಮುನಿಸಿಕೊಂಡಿದಾನೆ."

"ಅಯ್ಯೋ ಅಬ್ಲಾ, ಒಂದು ತುತ್ತು ತಿನ್ನೋಕಾದ್ರೂ ಬಿಡಿ!"

"ನಾನೇನೋ ಬಿಡ್ತೀನಿ. ಅವನು ಬಿಡಬೇಕಲ್ಲ."

ಅಬ್ಲಾ ಎಂದರೆ ಅಕ್ಕ. ಅಕ್ಕನ ಮಾತು ಮೀರುವ ಹಾಗಿಲ್ಲ. ರಬಾಬ್ ರೊಟ್ಟಿಯನ್ನು ಬದಿಗಿಟ್ಟು ಟವೆಲು ಬಿಡಿಸುತ್ತಾಳೆ. ಒಳಗಿರುವುದು ರಬ್ಬರಿನ ಕೂಸು. ತುಟಿಯ ಬಣ್ಣ ಮಾಸಿದೆ, ಎಡಗಿವಿ ಅರ್ಧ ಹರಿದಿದೆ. ಅವಳು ಅದರ ಹೆಗಲಿನಡಿ ಬಟ್ಟೆ ಮಡಿಚಿಟ್ಟು, ಮುಖವನ್ನು ನೇರ ಸೂರಿನ ಕಡೆಗೆ ತಿರುಗಿಸಿ, ಉಸಿರು ತುಂಬುವ ಆಂಬು ಚೀಲದ ಮಾಸ್ಕನ್ನು ಮೂಗು ಬಾಯಿಗೆ ಕೂರಿಸುತ್ತಾಳೆ. ಹೆಬ್ಬೆರಳು ತೋರುಬೆರಳು ಸೇರಿ ಮಾಸ್ಕಿನ ಮೇಲೆ ಅರ್ಧಚಂದ್ರ, ಉಳಿದ ಬೆರಳು ದವಡೆಯ ಮೂಳೆಯ ಕೆಳಗೆ. ಇನ್ನೊಂದು ಕೈಯಲ್ಲಿ ಚೀಲ ಹಿಂಡುತ್ತಾಳೆ. ಗೊಂಬೆಯ ಎದೆ ಏಳುವುದಿಲ್ಲ.

"ಮಾಸ್ಕನ್ನ ಮುಖಕ್ಕೆ ಒತ್ತಬೇಡ. ಮುಖವನ್ನ ಮಾಸ್ಕಿಗೆ ಎತ್ತು," ಎನ್ನುತ್ತಾರೆ ಇನ್ಶಿರಾಹ್.

ರಬಾಬಳ ಬೆರಳು ಕೂದಲೆಳೆಯಷ್ಟು ಸರಿಯುತ್ತದೆ. ಎದೆ ಏಳುತ್ತದೆ, ಇಳಿಯುತ್ತದೆ. ಬೆಳಗಿನ ಮಬ್ಬಿನಲ್ಲಿ ನೋಡುತ್ತ ನಿಂತವರ ಉಸಿರೂ, ರಬ್ಬರು ಎಂದು ಗೊತ್ತಿದ್ದೂ, ಅದರ ಜೊತೆಗೇ ಏಳುತ್ತದೆ.

ಅಷ್ಟರಲ್ಲಿ ಮೂಲೆಯ ಮಂಚದ ಬುಡದಲ್ಲಿ ಮಲಗಿದ್ದ ಮುದುಕಿಯೊಬ್ಬಳು ಎದ್ದು ಕುಳಿತು ಹೌಹಾರುತ್ತಾಳೆ. "ಅಯ್ಯೋ ದೇವ್ರೇ, ಯಾರ ಕೂಸಿಗೆ ಏನಾಯ್ತು?"

"ಗೊಂಬೆ ಹಜ್ಜಾ, ಗೊಂಬೆ. ಮುಟ್ಟಿ ನೋಡಿ ಬೇಕಾದ್ರೆ," ಎನ್ನುತ್ತಾಳೆ ರಬಾಬ್. ವಯಸ್ಸಾದ ಹೆಂಗಸರನ್ನು ಇಲ್ಲಿ ಗೌರವದಿಂದ ಹಜ್ಜಾ ಎಂದೇ ಕರೆಯುವುದು.

ತಫೀದಾ ಎಂಬ ಆ ಅಜ್ಜಿ ನಿನ್ನೆಯಷ್ಟೇ ಮೂರು ತಿಂಗಳ ಮೊಮ್ಮಗ ಆದ್ಹಮನನ್ನು ಕೆಮ್ಮಿಗೆಂದು ಕರೆತಂದವರು. ಕೂಸಿನ ತಾಯಿಗೆ ಜ್ವರ, ಮನೆಯಲ್ಲೇ ಇದ್ದಾಳೆ. ಅಜ್ಜಿ ಬಂದು ಗೊಂಬೆಯ ಕೆನ್ನೆ ಚಿವುಟಿ ನೋಡುತ್ತಾರೆ. "ಥೂ, ನಿಮ್ಮ ಮನೆ ಹಾಳಾಗ! ನನ್ನ ಜೀವಾನೇ ಹೋಗಿತ್ತು. ಅಂದ್ರೆ ನೀವಿನ್ನೂ ಕಲೀತಾ ಇದೀರಾ? ಕಲಿಯದೇನೇ ನಮ್ಮ ಮಕ್ಕಳನ್ನ ಮುಟ್ತಿದೀರಾ?"

"ಕಲಿತಾಗಿದೆ ಹಜ್ಜಾ. ಮರೀದೇ ಇರೋದನ್ನ ಕಲೀತಿದೀವಿ," ಎಂದು ಇನ್ಶಿರಾಹ್ ಗೊಂಬೆಯನ್ನು ಮತ್ತೆ ಟವೆಲಿನಲ್ಲಿ ಸುತ್ತುತ್ತಾರೆ.

ಕಫ್ರ್ ಸಿನ್ನಾರ ನೈಲ್ ನದಿ ಸಮುದ್ರ ಸೇರುವಲ್ಲಿರುವ ಊರು. ಅರ್ಧ ಊರು ಮೀನು ಹಿಡಿಯುತ್ತದೆ, ಉಳಿದರ್ಧ ದೋಣಿ ಕಟ್ಟುತ್ತದೆ. ಇಡೀ ಊರಿಗೆ ಇರುವುದು ಈ ಇಪ್ಪತ್ತು ಮಂಚದ ಮಕ್ಕಳ ವಾರ್ಡು, ರಾತ್ರಿ ಪಾಳಿಗೆ ಇಬ್ಬರು ನರ್ಸುಗಳು. ಚಳಿಗಾಲದಲ್ಲಿ ಒಂದೊಂದು ಮಂಚದಲ್ಲಿ ಎರಡೆರಡು ಕೂಸು. ಕೆಮ್ಮು, ಕಫ, ಕಾಲುವೆಗೆ ಬಿದ್ದದ್ದು, ಗಂಟಲಲ್ಲಿ ಕಲ್ಲಂಗಡಿ ಬೀಜ ಸಿಕ್ಕಿಕೊಂಡದ್ದು, ಎಲ್ಲವೂ ಇಲ್ಲಿಗೇ ಬರಬೇಕು. ಡಾಕ್ಟರು ಇನ್ನೊಂದು ಕಟ್ಟಡದಲ್ಲಿರುತ್ತಾರೆ. ಕರೆದರೆ ಬರುತ್ತಾರೆ, ಆದರೆ ಬರುವಷ್ಟು ಹೊತ್ತು ಕೂಸು ಕಾಯಬೇಕಲ್ಲ. ಆ ಹೊತ್ತನ್ನು ನರ್ಸುಗಳ ಕೈಗಳೇ ತುಂಬಬೇಕು.

ಅದಕ್ಕೆಂದೇ ಎರಡು ವರ್ಷಕ್ಕೊಮ್ಮೆ ರಾಜಧಾನಿಯಿಂದ ಡಾಕ್ಟರ್ ನಿವೀನ್ ತಮ್ಮ ತಂಡದ ಜೊತೆ ಬಂದು ಉಸಿರು ನಿಂತ ಮಗುವನ್ನು ಉಳಿಸುವ ತರಬೇತಿ ಕೊಡುತ್ತಾರೆ. ಎರಡು ದಿನದ ಪಾಠ, ಕೊನೆಗೆ ಪರೀಕ್ಷೆ, ಸರ್ಟಿಫಿಕೇಟು, ಮೆಟ್ಟಿಲ ಮೇಲೆ ನಿಂತು ಒಂದು ಫೋಟೊ. ಎಲ್ಲರೂ ಪಾಸು. ಮೂರು ವರ್ಷದ ಹಿಂದೆ ಹಾಗೆ ಬಂದವರು ಕಿವಿ ಹರಿದ ಒಂದು ಗೊಂಬೆಯನ್ನು ಬೇಡವೆಂದು ಇಲ್ಲೇ ಬಿಟ್ಟುಹೋದರು. ಅದು ಮುರಿದ ಸಲೈನ್ ಸ್ಟ್ಯಾಂಡುಗಳ ನಡುವೆ ಸ್ಟೋರ್ ರೂಮಿನಲ್ಲಿ ಬಿದ್ದಿತ್ತು.

ಇನ್ಶಿರಾಹ್ ಒಂದು ಬೆಳಿಗ್ಗೆ ಬೆಡ್‌ಶೀಟ್ ತರಲು ಹೋದವರು ಅದನ್ನು ನೋಡಿದರು. ತರಬೇತಿಯಾಗಿ ಆಗಲೇ ಏಳೆಂಟು ತಿಂಗಳು ಕಳೆದಿತ್ತು. ಸುಮ್ಮನೆ, ಆಟಕ್ಕೆಂಬಂತೆ, ಅದನ್ನು ಪೆಟ್ಟಿಗೆಯ ಮೇಲೆ ಮಲಗಿಸಿ ಉಸಿರು ಕೊಡಲು ನೋಡಿದರು. ಆಗಲಿಲ್ಲ. ಮತ್ತೆ ನೋಡಿದರು. ಎದೆ ಏಳಲೇ ಇಲ್ಲ.

"ಪಾಠ ಎಲ್ಲಾ ಬಾಯಲ್ಲಿತ್ತು," ಎನ್ನುತ್ತಾರೆ ಅವರು. "ಮೊದಲು ಇದು, ಆಮೇಲೆ ಅದು, ಗಿಣಿ ಹಾಗೆ ಒಪ್ಪಿಸ್ತಿದ್ದೆ. ಪರೀಕ್ಷೆಲಿ ನಾನೇ ಫಸ್ಟು. ಆದ್ರೆ ಕೈ ಬೇರೆ ಯಾರದ್ದೋ ಥರ ಇತ್ತು. ಅಲ್ಲೇ ಬೆಡ್‌ಶೀಟಿನ ರಾಶಿ ಮೇಲೆ ಕೂತ್ಬಿಟ್ಟೆ. ಅವತ್ತು ನಿಜವಾದ ಕೂಸು ಬಂದಿದ್ರೆ ಏನು ಗತಿ? ಅದರ ತಾಯಿ ನನ್ನ ಕೈ ನೋಡ್ತಾ ನಿಂತಿರ್ತಿದ್ಲು. ಈ ಕೈ ಮೋಸ ಮಾಡ್ತಿತ್ತು."

ಆ ಹೆದರಿಕೆ ಅವರನ್ನು ಬಿಟ್ಟೇ ಇಲ್ಲ. ಬಿಡುವುದು ಬೇಡ ಎಂದೇ ಅವರ ಆಸೆ. ಮರುದಿನದಿಂದ ಗೊಂಬೆ ವಾರ್ಡಿಗೆ ಬಂತು. ನರ್ಸ್ ಹುಡುಗಿಯರು ಅದಕ್ಕೆ ಬುಂದುಕ್ ಎಂದು, ಬಾದಾಮಿಯಂಥ ಪುಟ್ಟ ಬೀಜವೊಂದರ ಹೆಸರನ್ನು, ಮುದ್ದಿಗೆ ಇಟ್ಟರು. ಕಾಯಿಲೆಯ ಮಕ್ಕಳ ನಡುವೆ ನಿಂತು 'ಉಸಿರಿಲ್ಲ, ಉಸಿರಿಲ್ಲ' ಎಂದು ದಿನಾ ಕೂಗುವುದು ಅಪಶಕುನ ಎಂದು ತಾಯಂದಿರು ಜಗಳಕ್ಕೆ ಬಂದದ್ದರಿಂದ ಆ ಮಾತನ್ನೇ ಕೈಬಿಟ್ಟರು. ಅದರ ಬದಲು ಬುಂದುಕ್ ಮುನಿಸಿಕೊಳ್ಳತೊಡಗಿದ. ಮುನಿಸಿಕೊಂಡವನನ್ನು ಒಲಿಸುವುದು ಯಾರಿಗೂ ಅಪಶಕುನವಲ್ಲ. ಪಾಳಿ ಬದಲಾಗುವ ಈ ಮಬ್ಬು ಹೊತ್ತನ್ನು ಆರಿಸಿಕೊಂಡದ್ದೂ ಬೇಕೆಂದೇ. "ಚೆನ್ನಾಗಿ ನಿದ್ದೆ ಮಾಡಿ, ಟೀ ಕುಡಿದು ಬಂದಾಗ ಯಾರು ಬೇಕಾದ್ರೂ ಮಾಡ್ತಾರೆ. ಕಣ್ಣು ಮಲಗಿದ್ದಾಗಲೂ ಕೈಗೆ ಗೊತ್ತಿರಬೇಕು."

ಇನ್ಶಿರಾಹ್ ಹುಟ್ಟಿದ್ದು ನದಿಯ ಆಚೆ ದಡದಲ್ಲಿ, ಇಟ್ಟಿಗೆ ಸುಡುವವರ ಮನೆಯಲ್ಲಿ. ಹದಿನೈದಕ್ಕೆ ನರ್ಸಿಂಗ್ ಶಾಲೆ ಸೇರಿದಾಗ ಅಮ್ಮ ಮೂರು ದಿನ ಮಾತು ಬಿಟ್ಟಿದ್ದರಂತೆ; ಹೊಲಿಗೆ ಕಲಿತು ಮನೆಯಲ್ಲಿರಲಿ ಎಂಬುದು ಅವರ ಇಷ್ಟವಾಗಿತ್ತು. ಈಗ ವಯಸ್ಸು ಐವತ್ತು ದಾಟಿದೆ, ಮೊಣಕಾಲು ಮಾತು ಕೇಳುವುದಿಲ್ಲ. ಇಂದಿಗೂ ಆಚೆ ದಡದಲ್ಲೇ ಮನೆ. ಬೆಳಿಗ್ಗೆ ಮೊದಲ ದೋಣಿಗೆ ಹೊರಟರೆ ಮಧ್ಯಾಹ್ನದ ಮೇಲೆ ವಾಪಸು, ಯಾರಾದರೂ ರಜೆ ಹಾಕಿದರೆ ಅದೂ ಇಲ್ಲ. ಗಂಡ ಝೈನ್‌ಹುಮ್ ದೋಣಿ ಕಟ್ಟುವ ಬಡಗಿ. ಹೆಂಡತಿಯ ವಿಷಯ ಕೇಳಿದರೆ ಉಳಿಯನ್ನು ಕೆಳಗಿಟ್ಟು ಮೊದಲು ನಗುತ್ತಾರೆ.

"ಒಂದು ಸಲ ನಿದ್ದೆಗಣ್ಣಲ್ಲಿ ನನ್ನ ಎದೆ ಒತ್ತೋಕೆ ಶುರು ಮಾಡಿದ್ಲು. 'ಏಯ್, ನಾನಿನ್ನೂ ಬದುಕಿದೀನಿ ಕಣೇ!' ಅಂತ ಕೂಗಿದೆ. 'ಹಾಗಾದ್ರೆ ಸರಿಯಾಗೇ ಮಾಡಿದೀನಿ' ಅಂದು ಆ ಕಡೆ ತಿರುಗಿ ಮಲಗಿದ್ಲು."

ಎದೆ ಒತ್ತುವ ವಿಷಯಕ್ಕೆ ಬಂದರೆ ಇನ್ಶಿರಾಹ್ ಸ್ವಲ್ಪ ಗಂಭೀರರಾಗುತ್ತಾರೆ. ಅವರ ಜೀವನದ ಒಂದು ದೊಡ್ಡ ತಪ್ಪು ಅಲ್ಲೇ ಇದೆ.

ಉಸಿರು ಕೊಟ್ಟರೂ ಹೃದಯ ಸೋಲುತ್ತಿದ್ದರೆ ಎದೆಯನ್ನು ಒತ್ತಬೇಕು, ಒಂದೇ ತಾಳದಲ್ಲಿ. ಆ ತಾಳವೇ ಎಲ್ಲರಿಗೂ ಮೊದಲು ಮರೆತುಹೋಗುವುದು. ಹೋದ ವರ್ಷದ ತರಬೇತಿ ಮುಗಿದ ಮೇಲೆ ಇನ್ಶಿರಾಹ್‌ಗೆ ಒಂದು ಯೋಚನೆ ಬಂತು. ಈ ದೇಶದಲ್ಲಿ ಹುಟ್ಟಿದ ಯಾರೂ ಮರೆಯದ ಸದ್ದೊಂದಿದೆ, ಹಿತ್ತಾಳೆ ಕುಟ್ಟಾಣಿಯ ಸದ್ದು. ಮಗು ಹುಟ್ಟಿದ ಏಳನೇ ದಿನ ಅದನ್ನು ಜರಡಿಯಲ್ಲಿ ಮಲಗಿಸಿ, ಕಿವಿಯ ಹತ್ತಿರ ಕುಟ್ಟಾಣಿ ಬಡಿದು, 'ಅಮ್ಮನ ಮಾತು ಕೇಳು, ಅಪ್ಪನ ಮಾತು ಕೇಳಬೇಡ' ಎಂದು ಹೆಂಗಸರು ಕೂಗಿ ನಗುವುದನ್ನು ಕೇಳಿಯೇ ಎಲ್ಲರೂ ಬೆಳೆದವರು. ಅವರು ಮನೆಯಿಂದ ಅಮ್ಮನ ಕಾಲದ ಕುಟ್ಟಾಣಿ ತಂದು ತಾಳ ಬಡಿದು ತೋರಿಸಿದರು. "ಇದನ್ನ ಕಿವಿಲಿಟ್ಕೊಳ್ಳಿ, ಸಾಕು," ಎಂದರು. ಹುಡುಗಿಯರಿಗೆ ಹಬ್ಬ. ವಾರ, ತಿಂಗಳು, ಮೂರು ತಿಂಗಳು ಕಳೆದರೂ ಯಾರೂ ತಾಳ ಮರೆಯಲಿಲ್ಲ. ಇನ್ಶಿರಾಹ್ ಒಳಗೊಳಗೇ ಬೀಗಿದರು.

ಆರನೇ ತಿಂಗಳಲ್ಲಿ ಡಾಕ್ಟರ್ ನಿವೀನ್ ಹೇಳದೆ ಕೇಳದೆ ಬಂದಿಳಿದರು. ಯಾರಿಗೆ ಎಷ್ಟು ನೆನಪಿದೆ ಎಂದು ನೋಡುವುದು ಅವರ ಉದ್ದೇಶ. ಒಬ್ಬೊಬ್ಬರನ್ನೇ ಕರೆದು ಬುಂದುಕ್‌ನ ಎದೆ ಒತ್ತಲು ಹೇಳಿದರು. ನೋಡುತ್ತ ನೋಡುತ್ತ ಅವರ ಹುಬ್ಬು ಗಂಟಾಯಿತು.

"ಏನಿದು, ಎಲ್ಲಾರೂ ಓಡ್ತಾ ಇದೀರಿ! ಶುರು ಚೆನ್ನಾಗಿದೆ, ಆಮೇಲೆ ಬರ್ತಾ ಬರ್ತಾ ಜೋರು. ಒತ್ತಿದ ಮೇಲೆ ಎದೆ ಪೂರ್ತಿ ವಾಪಸ್ ಏಳಬೇಕು, ಆಗಲೇ ಹೃದಯಕ್ಕೆ ರಕ್ತ ತುಂಬೋದು. ನೀವು ಏಳೋಕೆ ಬಿಡ್ತಾನೇ ಇಲ್ಲ." ಆಮೇಲೆ ಇನ್ಶಿರಾಹ್ ಕಡೆ ತಿರುಗಿ ನಗುತ್ತಲೇ ಅಂದರು: "ಮಿಸ್ ಇನ್ಶಿರಾಹ್, ನಿಮ್ಮ ಹೆಸರಿನ ಅರ್ಥವೇ ಎದೆ ಅರಳೋದು ಅಂತ. ಈ ಮಗುವಿನ ಎದೆಗೂ ಸ್ವಲ್ಪ ಅವಕಾಶ ಕೊಡಿ."

ಹುಡುಗಿಯರು ನಕ್ಕರು. ಇನ್ಶಿರಾಹ್ ನಗಲಿಲ್ಲ. ವಾರ್ಡಿನ ಹೆಡ್ ನರ್ಸ್ ಅವಾತಿಫ್ ಕೂಡ ನಗಲಿಲ್ಲ. ಅವಾತಿಫ್ ಗಟ್ಟಿ ಗಂಟಲಿನ ಹೆಂಗಸು. ಬೈಯುತ್ತಲೇ ಬುಂದುಕ್‌ಗೆ ಉಸಿರು ಕೊಡುತ್ತಾರೆ, ಬೈಯುತ್ತಲೇ ಎಲ್ಲರಿಗೂ ಟೀ ತರಿಸುತ್ತಾರೆ. ಡಾಕ್ಟರು ಹೋದ ಮೇಲೆ ಅವರು ಬಾಗಿಲು ಹಾಕಿಕೊಂಡು ಹೇಳಿದರು: "ಇನ್ಶಿರಾಹ್, ನೀನು ಮಾಡಿದ್ದು ಒಳ್ಳೆ ಮನಸ್ಸಿಂದಲೇ. ಆದ್ರೆ ಮರೆತೋರಿಗೆ ಮತ್ತೆ ಹೇಳಿಕೊಡಬಹುದು. ತಪ್ಪನ್ನೇ ಗಟ್ಟಿ ಮಾಡ್ಕೊಂಡೋರಿಗೆ ಏನು ಮಾಡೋದು? ನೀನು ಕಲಿಸಿದ್ದು ಅವರ ಮೂಳೆಗೆ ಇಳಿದುಬಿಟ್ಟಿದೆ. ಇದನ್ನ ಸರಿ ಮಾಡೋಕಾಗದಿದ್ರೆ ಗೊಂಬೆ ಸ್ಟೋರಿಗೆ ಹೋಗ್ಲಿ."

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಅದಕ್ಕೇ ಅದು ಚುಚ್ಚಿತು. ತನ್ನ ಕೈ ಮರೆತದ್ದು ಒಂದು ಸಂಕಟವಾದರೆ, ಹತ್ತು ಹುಡುಗಿಯರ ಕೈಗೆ ತಪ್ಪು ತುಂಬಿದ್ದು ಇನ್ನೊಂದು. ಚಳಿಗಾಲ ಎದುರಿಗೇ ಇತ್ತು. ಕೆಮ್ಮಿನ ಕೂಸುಗಳು ಬರುವ ಕಾಲ. ಆ ದಿನಗಳಲ್ಲಿ ಅವರಿಗೆ ಊಟ ಸೇರಲಿಲ್ಲ. ದೋಣಿಯ ಅಂಚಿನಲ್ಲಿ ಕುಳಿತು ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಎಲ್ಲಿ ತಪ್ಪಿತು? ತಾವು ಬಡಿದು ತೋರಿಸಿದ್ದು ಸರಿಯಾದ ವೇಗವೇ. ಅದನ್ನು ಓಡಿಸಿದವರು ಯಾರು?

ಉತ್ತರ ಸಿಕ್ಕಿದ್ದು ಪಕ್ಕದ ಮನೆಯ ಮಗುವಿನ ಏಳನೇ ದಿನದ ಸಂಜೆ. ಮನೆ ತುಂಬ ಮೇಣದಬತ್ತಿ, ಮಕ್ಕಳ ಗಲಾಟೆ, ಕಡಲೆ ಮಿಠಾಯಿಯ ಪೊಟ್ಟಣ. ಜರಡಿಯಲ್ಲಿ ಮಲಗಿದ ಕೂಸು ಬೆಳಕಿನ ನಡುವೆ ಕಣ್ಣರಳಿಸಿ, ಈ ಲೋಕಕ್ಕೆ ಬಂದದ್ದು ಸರಿಯೋ ತಪ್ಪೋ ಎಂದು ಯೋಚಿಸುವ ಹಾಗಿತ್ತು. ಅದರ ಸೋದರತ್ತೆ ಕುಟ್ಟಾಣಿ ಹಿಡಿದಳು. ಮೊದಲು ನಿಧಾನ. ಅಮ್ಮನ ಮಾತು ಕೇಳು. ಹೆಂಗಸರು ನಗತೊಡಗಿದರು, ನಾಲಗೆ ಆಡಿಸಿ ಸಂಭ್ರಮದ ಕೂಗು ಹಾಕಿದರು, ಕುಟ್ಟಾಣಿ ಚುರುಕಾಯಿತು. ಅಜ್ಜಿಯ ಮಾತು ಕೇಳು. ಇನ್ನೂ ಚುರುಕು. ತಾಯಿ ಶಾಸ್ತ್ರದಂತೆ ಜರಡಿಯನ್ನು ದಾಟುವ ಹೊತ್ತಿಗೆ ಅದು ಕುದುರೆಯ ಓಟ.

ಕೈಯಲ್ಲಿದ್ದ ಮೇಣದಬತ್ತಿಯಿಂದ ಬಿಸಿ ಹನಿ ಬೆರಳಿಗೆ ಬಿದ್ದರೂ ಇನ್ಶಿರಾಹ್ ಕದಲಲಿಲ್ಲ. ಹುಡುಗಿಯರು ಕಲಿತದ್ದು ತನ್ನಿಂದಲ್ಲ. ಅವರು ಕಲಿತದ್ದು ಅವರವರ ಜರಡಿಯಲ್ಲಿ, ಏಳು ದಿನದ ಕಿವಿಯಲ್ಲಿ. ತಾನು ಬರೀ ನೆನಪು ಮಾಡಿಕೊಟ್ಟದ್ದು, ಅದೂ ಸಂಭ್ರಮದ ಸದ್ದನ್ನು. ಸಂಭ್ರಮ ಯಾವತ್ತೂ ಒಂದೇ ವೇಗದಲ್ಲಿ ನಿಲ್ಲುವುದಿಲ್ಲ.

"ನಂಗೆ ಅಲ್ಲೇ ನಗು ಬಂತು, ಅಳುನೂ ಬಂತು," ಎನ್ನುತ್ತಾರೆ. "ಆ ಮನೆಯವ್ರು 'ಯಾಕೆ, ಏನಾಯ್ತು' ಅಂತ ಕೇಳಿದ್ರು. 'ಕುಟ್ಟಾಣಿ ತಪ್ಪಲ್ಲ, ಕೋಣೆ ತಪ್ಪು' ಅಂದೆ. ಇವಳಿಗೆ ತಲೆ ಕೆಟ್ಟಿದೆ ಅಂದ್ಕೊಂಡ್ರು."

ಮರುದಿನ ಅವರು ಕುಟ್ಟಾಣಿಯ ಜೊತೆ ಎರಡು ಹಿಡಿ ಬೆಳ್ಳುಳ್ಳಿ, ಒಂದು ಪೊಟ್ಟಣ ಕೊತ್ತಂಬರಿ ಬೀಜ ತಂದರು. ಮುಲೂಖಿಯಾ ಸೊಪ್ಪಿನ ಸಾರಿಗೆ ಒಗ್ಗರಣೆ ಕುಟ್ಟದ ಹೆಂಗಸು ಈ ಊರಲ್ಲಿಲ್ಲ. ಒಲೆಯ ಮೇಲೆ ಸಾರು ತನ್ನ ಪಾಡಿಗೆ ಕುದಿಯುತ್ತಿರುತ್ತದೆ, ಕೈ ತನ್ನ ಪಾಡಿಗೆ ಕುಟ್ಟುತ್ತಿರುತ್ತದೆ, ಮನಸ್ಸು ಎಲ್ಲೋ ಇರುತ್ತದೆ. ಒನಕೆ ಎತ್ತಿದರೆ ಪೂರ್ತಿ ಎತ್ತಬೇಕು, ಇಲ್ಲದಿದ್ದರೆ ಬೆಳ್ಳುಳ್ಳಿ ಜಾರುತ್ತದೆ. ಅವಸರಪಟ್ಟರೆ ಸಿಡಿದು ಕಣ್ಣಿಗೆ ಬೀಳುತ್ತದೆ. ಇನ್ಶಿರಾಹ್ ಒಬ್ಬೊಬ್ಬಳಿಂದಲೂ ಮೊದಲು ಬೆಳ್ಳುಳ್ಳಿ ಕುಟ್ಟಿಸಿದರು. ಕುಟ್ಟಿದ ಬಿಸಿ ಆರುವ ಮೊದಲೇ ಬುಂದುಕ್‌ನ ಎದೆಯ ಮೇಲೆ ಕೈ ಇಡಿಸಿದರು. ಅವರೇ ಬಡಿದು ತೋರಿಸಿದ ಕಾಲ ಮುಗಿಯಿತು. ಈಗ ಅವರವರ ಕೈ, ಅವರವರ ಅಡುಗೆಮನೆ.

"ಇದೇನು ವಾರ್ಡೋ ಕಬಾಬ್ ಅಂಗಡಿಯೋ?" ಎಂದು ಅವಾತಿಫ್ ಮೂಗಿಗೆ ತಲೆವಸ್ತ್ರದ ಅಂಚು ಹಿಡಿದು ಬಂದರು. "ಔಷಧಿ ವಾಸನೆ ಬರಬೇಕಾದ ಕಡೆ ಒಗ್ಗರಣೆ ವಾಸನೆ! ಮಕ್ಕಳು ಹಸಿವು ಅಂತ ಅಳ್ತಿವೆ!"

"ಹಸಿವಾದ್ರೆ ಹುಷಾರಾಗ್ತಿವೆ ಅಂತ ಅರ್ಥ ಅಲ್ವಾ," ಎಂದಳು ರಬಾಬ್, ಕುಟ್ಟುತ್ತಲೇ.

"ನಿನ್ನ ನಾಲಗೆ ಕುಟ್ಟಬೇಕು ಮೊದಲು. ಕೊಡು ಇಲ್ಲಿ," ಎಂದು ಅವಾತಿಫ್ ಒನಕೆ ಕಿತ್ತುಕೊಂಡು ತಾವೇ ಕುಟ್ಟಲು ಕುಳಿತರು.

ಅಂದಿನಿಂದ ಯಾರಾದರೂ ಓಡತೊಡಗಿದರೆ ಪಕ್ಕದಲ್ಲಿದ್ದವರು 'ಅಡುಗೆಮನೆ' ಎಂದರೆ ಸಾಕು, ಕೈ ಹದಕ್ಕೆ ಬರುತ್ತಿತ್ತು. ಆದರೂ ಇನ್ಶಿರಾಹ್‌ಗೆ ಧೈರ್ಯವಿಲ್ಲ. ರಬ್ಬರಿನ ಮೇಲೆ ಬಂದದ್ದು ನಿಜವಾದ ಕೂಸಿನ ಮುಂದೆ ಬರುತ್ತದೆಯೇ? ಹೆದರಿದಾಗ ಕೈ ಯಾವ ಕುಟ್ಟಾಣಿಯನ್ನು ನೆನೆಯುತ್ತದೆ? ಇದನ್ನು ಯಾವ ಪರೀಕ್ಷೆಯೂ ಹೇಳುವುದಿಲ್ಲ. ತಿಳಿಯುವ ದಿನವೇ ಬಾರದಿರಲಿ ಎಂದು ಪ್ರತಿ ಬೆಳಿಗ್ಗೆ ದೋಣಿಯಲ್ಲಿ ದೇವರನ್ನು ಕೇಳಿಕೊಳ್ಳುತ್ತಾರೆ.

ತಫೀದಾ ಅಜ್ಜಿ ಬಂದ ನಾಲ್ಕನೇ ದಿನ ಮಂಜು ಹಿಂದೆಂದೂ ಕಾಣದಷ್ಟು ದಟ್ಟವಾಗಿ ಇಳಿಯುತ್ತದೆ. ಮೊದಲ ದೋಣಿ ನದಿಯ ನಡುವೆ ನಿಂತುಬಿಡುತ್ತದೆ. ಮುಂದೆ ದಡವಿಲ್ಲ, ಹಿಂದೆ ದಡವಿಲ್ಲ. ದೋಣಿಯವ ಎಂಜಿನ್ ಆರಿಸಿ, "ಎದುರು ಬರೋದು ಕಾಣ್ತಿಲ್ಲ, ಸ್ವಲ್ಪ ತಡೀರಿ," ಎಂದು ಸಿಗರೇಟು ಹಚ್ಚುತ್ತಾನೆ. ಎಲ್ಲ ಬಿಳಿ. ಎಲ್ಲಿಂದಲೋ ಕೋಳಿ ಕೂಗುತ್ತದೆ. ದೋಣಿ ಕಟ್ಟುವ ಅಂಗಳದ ಸುತ್ತಿಗೆ ಸದ್ದು ನೀರಿನ ಮೇಲೆ ತೇಲಿ ಬರುತ್ತದೆ, ಯಾವ ಕಡೆಯಿಂದ ಎಂದು ತಿಳಿಯುವುದಿಲ್ಲ. ಇನ್ಶಿರಾಹ್ ಉಣ್ಣೆ ಶಾಲನ್ನು ಬಿಗಿಯಾಗಿ ಸುತ್ತಿಕೊಂಡು ಕೂತಿದ್ದಾರೆ. ಅವರಿಗೆ ಅರೆನಿದ್ದೆ. ಬುಂದುಕ್ ನೀರಿನ ಮೇಲೆ ನಡೆದು ಬಂದು, 'ನಾನು ಮುನಿಸಿಕೊಂಡಿಲ್ಲ' ಎಂದು ಹೇಳಿದ ಹಾಗೆ ಕನಸಾಗುತ್ತದೆ. ಬೆಚ್ಚಿ ಏಳುತ್ತಾರೆ. ದೋಣಿ ಇನ್ನೂ ಅಲ್ಲೇ ಇದೆ.

ಅವರು ವಾರ್ಡು ಮುಟ್ಟುವಾಗ ಬಿಸಿಲು ಬಂದಿದೆ. ಬಾಗಿಲಲ್ಲೇ ಕಾಲು ನಿಲ್ಲುತ್ತದೆ. ತಫೀದಾ ಅಜ್ಜಿ ನೆಲದ ಮೇಲೆ ಗೋಡೆಗೊರಗಿ ಕುಳಿತಿದ್ದಾರೆ. ಅವಾತಿಫ್‌ರ ತಲೆವಸ್ತ್ರ ಜಾರಿ ಹೆಗಲಿಗೆ ಬಿದ್ದಿದೆ, ಅವರದನ್ನು ಗಮನಿಸಿಯೇ ಇಲ್ಲ. ಮೂಲೆಯ ಮಂಚ ಖಾಲಿ.

"ಆದ್ಹಮ್?"

"ದೊಡ್ಡಾಸ್ಪತ್ರೆಗೆ ಕಳಿಸಿದೀವಿ," ಎನ್ನುತ್ತಾರೆ ಅವಾತಿಫ್. ಆಮೇಲೆ ಅವಸರವಾಗಿ, ಎದುರಿನವರ ಮುಖ ನೋಡಿ: "ಬದುಕಿದಾನೆ ಮಾರಾಯ್ತಿ, ಬದುಕಿದಾನೆ! ಡಾಕ್ಟರು ಜೊತೇಲಿ ಹೋಗಿದಾರೆ, ಅವನಪ್ಪನೂ ಹಿಂದೆ ಬೈಕಲ್ಲಿ ಹೋದ. ಆಂಬುಲೆನ್ಸ್ ಹತ್ತುವಾಗ ಅಳ್ತಿದ್ದ. ಎಂಥ ಕೆಟ್ಟ ಗಂಟಲು ಅಂತೀಯ, ನನ್ನದಕ್ಕಿಂತ ಕೆಟ್ಟದು."

ನಡೆದದ್ದನ್ನು ಅವಾತಿಫ್ ಅರ್ಧ, ಅಜ್ಜಿ ಅರ್ಧ ಹೇಳುತ್ತಾರೆ. ಕೆಮ್ಮುತ್ತಿದ್ದ ಕೂಸು ಇದ್ದಕ್ಕಿದ್ದಂತೆ ಸುಮ್ಮನಾಯಿತು. ಸುಮ್ಮನಾಯಿತಲ್ಲ ಎಂದು ಅಜ್ಜಿಗೆ ಸಮಾಧಾನ. ಹಾದುಹೋಗುತ್ತಿದ್ದ ರಬಾಬ್ ತಿರುಗಿ ನೋಡಿದಳು. ತುಟಿ ನೀಲಿ. ಅವಳ ಬಾಯಿಂದ ಹೊರಟ ಕೂಗು ಒಂದೇ: "ಆದ್ಹಮ್ ಮುನಿಸಿಕೊಂಡಿದಾನೆ!" ಇಡೀ ವಾರ್ಡು ಎದ್ದು ಓಡಿಬಂತು. ಅವಾತಿಫ್ ಹೆಗಲಿನಡಿ ಬಟ್ಟೆ ಇಟ್ಟು, ಮಾಸ್ಕಿಗೆ ಮುಖ ಎತ್ತಿ, ಉಸಿರು ಕೊಟ್ಟರು. ಎದೆ ಏಳುತ್ತಿತ್ತು, ನಾಡಿ ಮಾತ್ರ ಸೋಲುತ್ತಿತ್ತು. ರಬಾಬ್ ಎರಡೂ ಕೈಯಲ್ಲಿ ಕೂಸಿನ ಎದೆ ಬಳಸಿ ಹೆಬ್ಬೆರಳುಗಳಿಂದ ಒತ್ತತೊಡಗಿದಳು.

"ಹುಡುಗಿ ಓಡೋಕೆ ಶುರು ಮಾಡಿದ್ಲು," ಎನ್ನುತ್ತಾರೆ ಅವಾತಿಫ್. "ಕೈ ಏಳನೇ ದಿನಕ್ಕೆ ಹೊರಟುಬಿಟ್ಟಿತ್ತು. ನಾನು 'ಅಡುಗೆಮನೆ' ಅಂದೆ. ಅಷ್ಟೇ ಕಣೇ ಅಂದಿದ್ದು. ಅವಳು ನನ್ನ ಕಡೆ ನೋಡ್ಲೂ ಇಲ್ಲ. ಕೈ ತಾನಾಗೇ ನಿಧಾನ ಆಯ್ತು. ಮನೇಲಿ ಸಾರಿಗೆ ಕುಟ್ತಿದಾಳೇನೋ ಅನ್ನೋ ಹಾಗೆ."

"ನಾನು ನೋಡ್ತಾನೇ ಇದ್ದೆ," ಎನ್ನುತ್ತಾರೆ ಅಜ್ಜಿ. "ಬೂದಿ ಬಣ್ಣ ಇದ್ದಿದ್ದು, ಕಿವಿಯಿಂದ ಶುರುವಾಗಿ ಕೆಂಪಾಗ್ತಾ ಬಂತು. ಹೊತ್ತು ಹುಟ್ಟೋ ಹಾಗೆ ಬಂತಮ್ಮಾ."

ರಬಾಬ್ ಬೆಡ್‌ಶೀಟು ಇಡುವ ಕೋಣೆಯಲ್ಲಿದ್ದಾಳೆ. ಕಣ್ಣು ಊದಿದೆ. ಇನ್ಶಿರಾಹ್ ಹೋಗಿ ಪಕ್ಕದಲ್ಲಿ ಕುಳಿತು ಅವಳ ಎರಡೂ ಕೈಗಳನ್ನು ತಮ್ಮ ಮಡಿಲಲ್ಲಿಟ್ಟುಕೊಳ್ಳುತ್ತಾರೆ. ಇನ್ಶಿರಾಹ್ ಅಳುತ್ತಿದ್ದಾರೆ. ಅದನ್ನು ಮುಚ್ಚಿಡುವ ಗೋಜಿಗೂ ಹೋಗುವುದಿಲ್ಲ.

"ಹೆದರಿದ್ಯಾ?"

"ಈಗ ಹೆದರಿಕೆ ಆಗ್ತಿದೆ ಅಬ್ಲಾ. ಆಗ ಹೆದರೋಕೂ ಪುರುಸೊತ್ತಿರ್ಲಿಲ್ಲ."

ಒಂದು ವಾರದ ಮೇಲೆ ಆದ್ಹಮ್ ದೊಡ್ಡಾಸ್ಪತ್ರೆಯಿಂದ ಮನೆಗೆ ಹೊರಡುತ್ತಾನೆ. ತಫೀದಾ ಅಜ್ಜಿ ದಾರಿಯಲ್ಲೇ ಬಂಡಿ ನಿಲ್ಲಿಸಿ, ಒಂದು ಕಂಕುಳಲ್ಲಿ ಮೊಮ್ಮಗ, ಇನ್ನೊಂದರಲ್ಲಿ ಅಕ್ಕಿ ಪಾಯಸದ ಪಾತ್ರೆ ಹೊತ್ತು ವಾರ್ಡಿಗೆ ಬರುತ್ತಾರೆ. ಕೂಸು ಕೈಯಿಂದ ಕೈಗೆ ಹೋಗುತ್ತದೆ. ಅವಾತಿಫ್ ಅದರ ಕೆನ್ನೆಗೆ ಮುತ್ತಿಟ್ಟು, ದೃಷ್ಟಿಯಾಗದಿರಲೆಂದು ಬೈಯುತ್ತಾರೆ. ರಬಾಬ್ ಎತ್ತಿಕೊಳ್ಳುವುದಿಲ್ಲ, ಅದರ ಎದೆ ಏಳುವುದನ್ನೂ ಇಳಿಯುವುದನ್ನೂ ನೋಡುತ್ತ ದೂರ ನಿಲ್ಲುತ್ತಾಳೆ. ಕೊನೆಗೆ ಅದು ಇನ್ಶಿರಾಹ್‌ರ ಹೆಗಲಿಗೆ ಬಂದು, ಕತ್ತಿನ ಹತ್ತಿರ ಮೂಗು ಉಜ್ಜಿ, ಅಲ್ಲೇ ನಿದ್ದೆ ಹೋಗುತ್ತದೆ. ಅವರು ಅಲುಗಾಡದೆ ನಿಲ್ಲುತ್ತಾರೆ.

"ದೊಡ್ಡವನಾಗ್ಲಿ ಮಿಸ್," ಎನ್ನುತ್ತಾರೆ ಅಜ್ಜಿ. "ಕೈ ಹಿಡ್ಕೊಂಡು ಇಲ್ಲಿಗೆ ಕರ್ಕೊಂಡು ಬರ್ತೀನಿ. ಒಬ್ಬೊಬ್ಬರ ಮುಖಾನೂ ತೋರಿಸ್ತೀನಿ. 'ಇವರನ್ನ ಸಾಯೋವರೆಗೂ ಮರೀಬೇಡ' ಅಂತೀನಿ."

ಇನ್ಶಿರಾಹ್ ಕೂಸು ಏಳದ ಹಾಗೆ, ಬರೀ ತುಟಿಯಲ್ಲೇ ಎಂಬಂತೆ ಹೇಳುತ್ತಾರೆ:

"ಬೇಡ ಹಜ್ಜಾ. ಅವನು ಆರಾಮಾಗಿ ಮರೆತುಬಿಡ್ಲಿ. ನೆನಪಿಟ್ಕೊಳ್ಳೋಕೆ ಅಂತಲೇ ಸಂಬಳ ತಗೊಳ್ಳೋರು ನಾವಿದೀವಲ್ಲ."